ಕಲಬುರಗಿಯ ಜಾಮಿ ಮಸೀದಿ: ಕಡಲಾಚೆಯಿಂದ ಬಂದವನ ಕೆಲಸ

ಕಲಬುರಗಿ ಅಂದರೆ ನಮ್ಮವರಿಗೆ ಮೊದಲು ನೆನಪಾಗೋದು ಬಿಸಿಲು, ತೊಗರಿಬೇಳೆ, ಶರಣಬಸವೇಶ್ವರ ಗುಡಿ, ಬಂದೇ ನವಾಜರ ದರ್ಗಾ. ಕೋಟೆಯೊಳಗಿನ ಜಾಮಿ ಮಸೀದಿಯ ಹೆಸರು ಹೇಳುವವರು ಕಡಿಮೆ. ಆದರೆ ಪರದೇಶದಲ್ಲಿ ದುಡಿಯೋ ನಮ್ಮಂಥವರು ಆ ಕಟ್ಟಡದ ಕಥೆ ತಿಳಿದುಕೊಳ್ಳಬೇಕು. ಯಾಕಂದ್ರೆ ಅದನ್ನು ಕಟ್ಟಿದವನೂ ಕೆಲಸಕ್ಕಾಗಿ ಊರು ಬಿಟ್ಟು ಬಂದವನೇ.

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ತುಘಲಕರ ಹಿಡಿತದಿಂದ ಬಿಡಿಸಿಕೊಂಡು ಬಹಮನಿ ರಾಜ್ಯ ಸ್ಥಾಪಿಸಿದ. ಕಲಬುರಗಿ ರಾಜಧಾನಿಯಾಯಿತು. ಅವನ ಮಗ ಒಂದನೇ ಮಹಮ್ಮದ್ ಷಾನ ಕಾಲದಲ್ಲಿ, 1367ರಲ್ಲಿ ಈ ಮಸೀದಿ ಆಯಿತು ಅಂತ ಅಲ್ಲಿಯ ಶಾಸನ ಹೇಳುತ್ತದೆ. ಕಟ್ಟಿದವನ ಹೆಸರೂ ಅದರಲ್ಲಿದೆ: ರಫಿ. ಊರು ಇರಾನಿನ ಕಜ್ವೀನ್.

ಕಜ್ವೀನ್ ಎಲ್ಲಿ, ಕಲಬುರಗಿ ಎಲ್ಲಿ? ದೆಹಲಿಯ ಜೊತೆ ಸಂಬಂಧ ಕೆಟ್ಟ ಮೇಲೆ ಹೊಸ ರಾಜ್ಯ ಉತ್ತರದ ಕಡೆ ನೋಡುವುದು ಬಿಟ್ಟು ಕಡಲಿನ ಕಡೆ ನೋಡಿತು. ಕೊಂಕಣದ ದಾಬೋಲ್, ಚೌಲ್ ಬಂದರುಗಳಿಗೆ ಹರ್ಮುಜ್ ಕಡೆಯಿಂದ ಕುದುರೆಗಳು ಬರುತ್ತಿದ್ದವು. ಅದೇ ದಾರಿಯಲ್ಲಿ ಇರಾನಿನವರು, ಅರಬರು, ತುರ್ಕರು ಬಂದರು. ಸೈನಿಕರು, ಲೆಕ್ಕ ಬರೆಯುವವರು, ಕಲ್ಲು-ಗಾರೆ ಕೆಲಸದವರು ಎಲ್ಲರೂ ಇದ್ದರು. ನಾವು ಇಂದು ನಾಲ್ಕು ತಾಸಿನಲ್ಲಿ ವಿಮಾನದಲ್ಲಿ ದಾಟೋ ಸಮುದ್ರವನ್ನು ಅವರು ಗಾಳಿ ನೋಡಿಕೊಂಡು ಹಡಗಿನಲ್ಲಿ ದಾಟುತ್ತಿದ್ದರು, ಅದೂ ಆ ಕಡೆಯಿಂದ ನಮ್ಮ ಕಡೆಗೆ.

ಇನ್ನು ಕಟ್ಟಡಕ್ಕೆ ಬರೋಣ. ಅಳತೆ ಸುಮಾರು 216 ಅಡಿ ಉದ್ದ, 176 ಅಡಿ ಅಗಲ. ಅಂದರೆ 38 ಸಾವಿರ ಚದರ ಅಡಿ. ಸಾಮಾನ್ಯವಾಗಿ ಹಳೇ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮುಚ್ಚಿಗೆ. ಮಿಹ್ರಾಬ್ ಎದುರಿಗೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವಿನ ಪ್ರಾರ್ಥನಾ ಸ್ಥಳದ ಮೇಲೆ ಸಾಲುಸಾಲಾಗಿ ಹತ್ತಾರು ಸಣ್ಣ ಗುಮ್ಮಟಗಳು. ಮಿನಾರುಗಳಿಲ್ಲ.

ಮೇಲೆ ಮುಚ್ಚಿಬಿಟ್ಟರೆ ಒಳಗೆ ಬೆಳಕು, ಗಾಳಿ ಹೇಗೆ? ಐಟಿಐ ಮುಗಿಸಿ ಇಷ್ಟು ವರ್ಷ ವೈರಿಂಗ್ ಮಾಡಿದ ನನಗೆ ಯಾವ ಕಟ್ಟಡ ನೋಡಿದರೂ ಮೊದಲು ಬರೋ ಪ್ರಶ್ನೆ ಇದೇ. ಇಂದಿನ ಲೆಕ್ಕದಲ್ಲಿ ಇಷ್ಟು ಜಾಗಕ್ಕೆ ನೂರಾರು ಲೈಟ್ ಪಾಯಿಂಟ್, ದೊಡ್ಡ ಎಸಿ ಬೇಕು. ರಫಿ ಮಾಡಿದ್ದು ಏನಂದ್ರೆ, ಪಡುವಣದ ಗೋಡೆ ಬಿಟ್ಟು ಉಳಿದ ಮೂರು ದಿಕ್ಕಿಗೂ ಕಮಾನುಗಳನ್ನು ತೆರೆದಿಟ್ಟ. ಆ ಮೂರು ಬದಿಯ ಪಡಸಾಲೆಗಳಲ್ಲಿ ಗಿಡ್ಡ ಕಂಬಗಳ ಮೇಲೆ ಬಹಳ ಅಗಲವಾದ ಕಮಾನುಗಳಿವೆ. ಅಗಲ ಇದ್ದಷ್ಟೂ ಬೆಳಕು ಒಳಗೆ ಬರುತ್ತದೆ. ದೊಡ್ಡ ಗುಮ್ಮಟವನ್ನು ಚೌಕಾಕಾರದ ಕಟ್ಟಿನ ಮೇಲೆ ಎತ್ತಿ ಕೂರಿಸಿರುವುದರಿಂದ ಮೇಲಿನಿಂದಲೂ ಬೆಳಕು ಇಳಿಯುತ್ತದೆ.

ಭಾರದ ವಿಷಯವೂ ಹೇಳಬೇಕು. ಕಮಾನು ತನ್ನ ಭಾರವನ್ನು ಬರೀ ಕೆಳಗಲ್ಲ, ಪಕ್ಕಕ್ಕೂ ತಳ್ಳುತ್ತದೆ. ಸಾಲಿನಲ್ಲಿ ಪಕ್ಕದ ಕಮಾನು ಅದನ್ನು ಎದುರಿಂದ ತಡೆಯುತ್ತದೆ. ಹೀಗೆ ಒಂದರ ಭಾರವನ್ನು ಇನ್ನೊಂದು ಹಿಡಿಯುತ್ತಾ ಅಂಚಿನ ದಪ್ಪ ಕಟ್ಟಿಗೆ ಮುಟ್ಟಿಸುತ್ತವೆ. ಕಾಂಕ್ರೀಟಿಲ್ಲ, ಉಕ್ಕಿನ ಬೀಮಿಲ್ಲ. ಆರು ನೂರು ವರ್ಷ ದಾಟಿಯೂ ನಿಂತಿದೆ.

ಈ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು ಅಂತ ಬಹಳ ಕಡೆ ಬರೆದಿರುತ್ತಾರೆ. ಕಮಾನಿನ ಸಾಲು ನೋಡಿದರೆ ಹಾಗೆ ಅನಿಸಬಹುದು. ಆದರೆ ಕಾರ್ಡೋಬಾದಲ್ಲಿ ಕಿತ್ತಳೆ ಗಿಡಗಳ ದೊಡ್ಡ ಅಂಗಳವಿದೆ, ಅಲ್ಲಿಯ ಕಮಾನುಗಳು ಒಂದರ ಮೇಲೊಂದು ಎರಡು ಅಂತಸ್ತು. ಇಲ್ಲಿ ಎರಡೂ ಇಲ್ಲ. ನಮ್ಮದನ್ನು ನಕಲು ಅಂದರೆ ಅದಕ್ಕೂ ಅನ್ಯಾಯ, ರಫಿಗೂ ಅನ್ಯಾಯ.

ಹೊರಗಿನಿಂದ ಬಂದವರ ಬಾಳು ಸುಖವಾಗೇ ಇತ್ತು ಅಂತಲೂ ಅಲ್ಲ. ಮೊದಲು ನೆಲೆಸಿದವರಿಗೆ ದಖ್ಖನಿಗಳು, ಆಮೇಲೆ ಕಡಲು ದಾಟಿ ಬಂದವರಿಗೆ ಆಫಾಕಿಗಳು ಅಂತ ಹೆಸರು. ಹುದ್ದೆಗಾಗಿ ಇಬ್ಬರ ನಡುವೆ ಜಗಳ ಬೆಳೆಯಿತು, ರಕ್ತವೂ ಹರಿಯಿತು. ರಾಜಧಾನಿ ಬೀದರಿಗೆ ಹೋದ ಮೇಲೆ ಅಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಕೂಡ ಇರಾನಿನಿಂದ ಬಂದವನೇ. ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿದರು, 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಮುಂದೆ ರಾಜ್ಯವೇ ಐದು ಹೋಳಾಯಿತು. ಕೆಲಸಕ್ಕೆ ಬೇಕು, ಆದರೆ ನಮ್ಮವನಲ್ಲ ಅನ್ನೋ ಮಾತು ಇಂದಿನದಲ್ಲ.

ರಫಿಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಕಲ್ಲು ಹೊತ್ತವರು, ಸುಣ್ಣ ಅರೆದವರ ಹೆಸರು ಉಳಿದಿಲ್ಲ. ಇಲ್ಲಿ ನಾವು ಎಬ್ಬಿಸುವ ಗೋಪುರಗಳ ಮೇಲೂ ನಮ್ಮ ಹೆಸರು ಇರೋದಿಲ್ಲ. ಆದರೂ ಕೆಲಸ ಉಳಿಯುತ್ತದೆ.

ಮುಂದಿನ ರಜೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಕೋಟೆಗೆ ಹೋಗಿ ಬನ್ನಿ. ಬೆಳಿಗ್ಗೆಯೇ ಹೋಗಿ, ಆಮೇಲೆ ನಮ್ಮೂರ ಬಿಸಿಲು ಸುಮ್ಮನೆ ಬಿಡೋದಿಲ್ಲ. ಒಳಗೆ ಹೋದ ಮೇಲೆ ಒಂದು ಸಲ ತಲೆ ಎತ್ತಿ ಗುಮ್ಮಟಗಳನ್ನು ನೋಡಿ, ರಫಿ ಅನ್ನುವವನ ಹೆಸರನ್ನು ಮಕ್ಕಳಿಗೆ ಹೇಳಿ.