ಎಷ್ಟು ಅಂಕಣದ ಮನೆ?



ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ನಮ್ಮ ಜನಕ್ಕೆ ಬೆಂಗಳೂರು ಎಂದರೆ ಮೊದಲು ಕಣ್ಣಿಗೆ ಬರುವುದು ಕೃಷ್ಣರಾಜ ಮಾರುಕಟ್ಟೆ. ಹೂವಿನ ಮೂಟೆ, ಹುಣಸೆಹಣ್ಣು, ತರಕಾರಿ ಹೊತ್ತು ಬೆಳಗಿನ ಜಾವದಲ್ಲೇ ಅಲ್ಲಿಗೆ ಹೋಗಿ, ಲೆಕ್ಕ ಚುಕ್ತಾ ಮಾಡಿಕೊಂಡು, ಒಂದು ಕಾಫಿ ಕುಡಿದು ಹಿಂದಿರುಗುವವರು ನಮ್ಮಲ್ಲಿ ನೂರಾರು ಮಂದಿ. ಆ ಗದ್ದಲದಿಂದ ಕೂಗಳತೆ ದೂರದಲ್ಲಿ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ಪಕ್ಕದಲ್ಲೇ, ಮರದ ಕಂಬಗಳ ಒಂದು ಎರಡಂತಸ್ತಿನ ಮನೆ ಇದೆ. ಟಿಪ್ಪುವಿನ ಬೇಸಿಗೆ ಅರಮನೆ ಎಂದು ಅದಕ್ಕೆ ಹೆಸರು. ದೇವಸ್ಥಾನಕ್ಕೆ ಕೈಮುಗಿದು ಬಂದವರೂ ಅದರೊಳಗೆ ಕಾಲಿಟ್ಟಿರುವುದು ಅಪರೂಪ. ಈ ದಿನ ಆ ಮನೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ನಮ್ಮ ಸೀಮೆಯ ಚರಿತ್ರೆಗೂ ಸೇರಿದ ಮನೆ.

ಈ ಅರಮನೆಯ ಕೆಲಸವನ್ನು ಹೈದರಾಲಿ ಆರಂಭಿಸಿದ್ದು 1781ರಲ್ಲಿ. ಮರುವರ್ಷವೇ, ಅಂದರೆ 1782ರ ಡಿಸೆಂಬರಿನಲ್ಲಿ, ಹೈದರ್ ತೀರಿಕೊಂಡ. ಮಗ ಟಿಪ್ಪು ಅದನ್ನು ಮುಗಿಸಿದ್ದು 1791ರಲ್ಲಿ. ಸ್ವರ್ಗವೇ ಅಸೂಯೆಪಡುವ ತಾಣ ಎಂಬ ಅರ್ಥದ 'ರಶ್ಕ್-ಎ-ಜನ್ನತ್' ಎಂಬ ಪಾರಸಿ ಹೆಸರನ್ನೂ ಇಟ್ಟ. ಆದರೆ ಅದೇ 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯ ಗೋಡೆಯನ್ನು ಒಡೆದು ಒಳಗೆ ನುಗ್ಗಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಹಾಗೆ ಹೋದದ್ದರಲ್ಲಿ ಸೇಲಂ ಮತ್ತು ಬಾರಾಮಹಲ್, ಅಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿಯ ಕೆಳನಾಡು ಸೇರಿತ್ತು. ಕರ್ನಲ್ ರೀಡ್ ಆಡಳಿತಕ್ಕೆ ಬಂದ, ಅವನ ಸಹಾಯಕನಾಗಿ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ಬಿಡಾರ ಹೂಡಿದ. ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಇನ್ನೂ ಏಳು ವರ್ಷ ಮೈಸೂರಿನ ಜೊತೆಗೇ ಇದ್ದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಸೇಲಂ ಜಿಲ್ಲೆಗೆ ಬಂತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗಲೂ ನಾವು ಈ ಕಡೆಯೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದಂತೆಲ್ಲ ಪಡಿತರ ಚೀಟಿಯನ್ನು ಬದಲಾಯಿಸಿಕೊಂಡವರು ನಾವು. ಮನೆಯಲ್ಲಿ ಮಾತ್ರ ಜಗಲಿಯನ್ನು ಜಗಲಿಯೆಂದೇ, ಬೀದಿಗಿಳಿದರೆ ತಿಣ್ಣೈ ಎಂದು ಕರೆಯುತ್ತಾ ಬಂದಿದ್ದೇವೆ.

ಈ ಅರಮನೆಯನ್ನು ನಾನು ಗಮನವಿಟ್ಟು ನೋಡಿದ್ದಕ್ಕೆ ಕಾರಣ ನಮ್ಮೂರಿನ ಒಬ್ಬ ಹುಡುಗಿ. ಕಟ್ಟಡ ವಿನ್ಯಾಸದ ಓದಿಗೆ ಸೇರಿದ್ದಾಳೆ. ಒಂದು ಪ್ರಸಿದ್ಧವಾದ ಮನೆಯನ್ನು ಆರಿಸಿಕೊಂಡು, ಅದು ಏಕೆ ಹಾಗಿದೆ ಎಂದು ಬಿಡಿಸಿ ಬರೆದು, ಅದರಿಂದ ಕಲಿತದ್ದನ್ನು ಇಟ್ಟುಕೊಂಡು ಸ್ವಂತ ಮನೆಯೊಂದರ ನಕ್ಷೆ ಮಾಡಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ಅವಳು ಮೊದಲು ಆರಿಸಿದ್ದು ಅಮೆರಿಕದ ಫಾಲಿಂಗ್‌ವಾಟರ್ ಎಂಬ ಮನೆ. 1930ರ ದಶಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬಾತ ಒಂದು ಜಲಪಾತದ ಮೇಲೆಯೇ ಕಟ್ಟಿದ ಮನೆಯಂತೆ. ಚಿತ್ರ ನೋಡಿದೆ. ಬಹಳ ಸೊಗಸಾಗಿದೆ. "ಆದರೆ ನೀನು ಇದನ್ನು ಮುಟ್ಟಿ ನೋಡಲಾರೆಯಲ್ಲಮ್ಮ. ಬಸ್ಸಿನಲ್ಲಿ ಹೋಗಿ ಬರುವಂಥ ಒಂದು ಮನೆ ಇದೆ, ಬಾ" ಎಂದೆ. "ತಾತ, ಅದು ಅರಮನೆ ಅಲ್ಲವಾ?" ಎಂದಳು. ಅರಮನೆಯೂ ಮನೆಯೇ ತಾನೆ.

ನಮ್ಮ ಹಿರಿಯರು ಮನೆಯ ಅಳತೆ ಕೇಳುವಾಗ ಎಷ್ಟು ಚದರ ಅಡಿ ಎಂದು ಕೇಳುತ್ತಿರಲಿಲ್ಲ. ಎಷ್ಟು ಅಂಕಣದ ಮನೆ ಎಂದು ಕೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಒಂದು ಮರದಿಂದ ಎಷ್ಟು ಉದ್ದದ ತೊಲೆ ಸಿಗುತ್ತದೆ, ಎಷ್ಟು ಉದ್ದದವರೆಗೆ ಅದು ಬಾಗದೆ ಜಂತೆಗಳ ಭಾರವನ್ನು ತಡೆಯುತ್ತದೆ, ಅದರ ಮೇಲೆ ಅಂಕಣದ ಅಗಲ ನಿಂತಿದೆ. ಬೆಂಗಳೂರಿನ ಅರಮನೆಗೆ ಹೋಗಿ ನಿಂತಾಗ ಆ ಹುಡುಗಿಗೆ ನಾನು ತೋರಿಸಿದ್ದು ಇದನ್ನೇ. ಇಷ್ಟು ದೊಡ್ಡ ಕಟ್ಟಡವೂ ಅಂಕಣದ ಪಕ್ಕ ಅಂಕಣ ಜೋಡಿಸಿ ಮಾಡಿದ್ದು. ತೇಗದ ಕಂಬಗಳು ಸಾಲಾಗಿ ನಿಂತಿವೆ. ಮುಂಭಾಗದ ಕಂಬಗಳಂತೂ ನೆಲದಿಂದ ಚಾವಣಿಯವರೆಗೆ ಎರಡಂತಸ್ತಿನ ಎತ್ತರಕ್ಕೆ ಹೋಗಿವೆ. ಸುಲ್ತಾನನಾದರೂ, ರೈತನಾದರೂ, ಮರ ಒಪ್ಪಿದಷ್ಟೇ ಅಗಲ.

ಅವಳು ಹೆಜ್ಜೆಯಿಂದ ಅಳೆದು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಎಲ್ಲರ ಕಣ್ಣನ್ನೂ ಮೊದಲು ಸೆಳೆಯುವುದು ಕಂಬಗಳ ನಡುವಿನ ಎಸಳೆಸಳಾದ ಕಮಾನುಗಳು. ಅವಳೂ ಮೊದಲು ಅದನ್ನೇ ಬರೆದುಕೊಂಡಳು. ಆದರೆ ಸ್ವಲ್ಪ ಹೊತ್ತು ನೋಡಿದ ಮೇಲೆ ಅವಳೇ ಒಂದು ಮಾತು ಹೇಳಿದಳು: ಕಲ್ಲಿನ ಕಟ್ಟಡದಲ್ಲಿ ಕಮಾನು ಭಾರ ಹೊರುತ್ತದೆ, ಇಲ್ಲಿ ಹೊರುತ್ತಿಲ್ಲ; ಮೇಲಿನ ತೂಕವೆಲ್ಲ ತೊಲೆಗೆ ಬಂದು, ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ; ಕಮಾನು ಬಾಗಿಲಿಗೆ ಕಟ್ಟಿದ ತೋರಣದ ಹಾಗೆ. ಇದು ಸರಿಯಾದ ಮಾತು. ನಮ್ಮ ಊರುಗಳಲ್ಲಿ ಈಗ ಸಿಮೆಂಟಿನಲ್ಲಿ ಅಂಥ ಕಮಾನು ಮಾಡಿ ಬಣ್ಣ ಬಳಿದು ಅರಮನೆ ಮಾದರಿ ಎನ್ನುವವರಿದ್ದಾರೆ. ತೋರಣವನ್ನು ತಂದುಕೊಂಡು ಬಾಗಿಲನ್ನು ಅಲ್ಲೇ ಬಿಟ್ಟುಬಂದ ಹಾಗೆ.

ನೋಡಬೇಕಾದ್ದು ಕಂಬದ ಬುಡ. ಒಂದು ಕಂಬವೂ ನೆಲವನ್ನು ಮುಟ್ಟಿಲ್ಲ. ಪ್ರತಿಯೊಂದಕ್ಕೂ ಕಲ್ಲಿನ ಪೀಠವಿದೆ. ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲು ಕಾಣದಂತೆ ಹತ್ತಬಾರದು ಎಂಬ ಮುಂದಾಲೋಚನೆ. ಇನ್ನೂರ ಮೂವತ್ತು ವರ್ಷ ಕಳೆದರೂ ಆ ಮರ ನಿಂತಿದೆ. ನಮ್ಮ ಹಳೆಯ ಮನೆಗಳಲ್ಲೂ ಕಂಬದ ಕೆಳಗೆ ಅಡಿಗಲ್ಲು ಇರುವುದು ಇದಕ್ಕೇ. ಇನ್ನೊಂದು, ಮೇಲಂತಸ್ತಿನ ಉಪ್ಪರಿಗೆಗಳು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇವೆ. ಟಿಪ್ಪು ಅಲ್ಲಿ ಕುಳಿತು ದರ್ಬಾರು ನಡೆಸುತ್ತಿದ್ದನೆಂದು ಹೇಳುತ್ತಾರೆ. ಬೆಳಿಗ್ಗೆ ಪಶ್ಚಿಮದ ಕಡೆ ನೆರಳು, ಮಧ್ಯಾಹ್ನದ ಮೇಲೆ ಪೂರ್ವದ ಕಡೆ ನೆರಳು. ಬಿಸಿಲು ತಿರುಗಿದಂತೆ ಮನುಷ್ಯನೂ ಜಾಗ ಬದಲಾಯಿಸಬಹುದು ಎಂಬುದು ಹುಡುಗಿಯ ತರ್ಕ. ನಮ್ಮ ಅಜ್ಜಿಯರು ಅವರೆಕಾಯಿ ಬಿಡಿಸಲು ಬೆಳಿಗ್ಗೆ ಒಂದು ಜಗಲಿ, ಸಂಜೆ ಇನ್ನೊಂದು ಜಗಲಿ ಹುಡುಕುತ್ತಿದ್ದರಲ್ಲ, ಹಾಗೆ.

1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬ್ಯುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತುತ್ತಾ ಈ ಅರಮನೆಗೆ ಬಂದ. ಅವನ ಬರಹದಿಂದ ಮನೆಯೊಳಗಿನ ವ್ಯವಸ್ಥೆ ಕಣ್ಣಿಗೆ ಕಟ್ಟಿದಂತಾಗುತ್ತದೆ. ಸುಲ್ತಾನ ಮೇಲೆ ಉಪ್ಪರಿಗೆಯಲ್ಲಿ. ಅದರ ಕೆಳಗೆ, ಎತ್ತರದ ಕಂಬಗಳ ತೆರೆದ ಪಡಸಾಲೆಯಲ್ಲಿ ಕೆಳದರ್ಜೆಯ ಅಧಿಕಾರಿಗಳು. ಎದುರಿನ ಅಂಗಳದಲ್ಲಿ, ಗಾಳಿಯನ್ನು ತಂಪು ಮಾಡುವ ಕಾರಂಜಿಗಳ ನಡುವೆ ಸಾಮಾನ್ಯ ಜನ. ಅಹವಾಲು ತಂದವನು ತಲೆಯೆತ್ತಿಯೇ ಮಾತಾಡಬೇಕು. ಕಟ್ಟಡವೇ ಜನರನ್ನು ಅವರವರ ಜಾಗದಲ್ಲಿ ನಿಲ್ಲಿಸುತ್ತದೆ, ಚೋಪದಾರ ಬಂದು ಕೂಗಬೇಕಾಗಿಲ್ಲ. ಇದನ್ನು ಮೆಚ್ಚಬೇಕೋ ಬೇಡವೋ ಎಂಬುದು ಬೇರೆ ಮಾತು. ನನಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಬ್ಯಾಂಕಿನ ಕೌಂಟರಿನ ಎತ್ತರವನ್ನು ನೋಡಿ ಬದುಕಿದವನಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ.

ಆದರೆ ಅದೇ ಬ್ಯುಕನನ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಹಜಾರಗಳ ತುದಿಯಲ್ಲಿರುವ ಖಾಸಗಿ ಕೋಣೆಗಳು ಸಣ್ಣವು, ಅನುಕೂಲವಿಲ್ಲದವು. ಸ್ನಾನದ ಮನೆ ಎಂದರೆ ಒಬ್ಬರು ಕುಳಿತು ಮೈಮೇಲೆ ನೀರು ಹುಯ್ಯಿಸಿಕೊಳ್ಳುವಷ್ಟು ಜಾಗ. ಅವನು ಇದನ್ನು ಕೊರತೆ ಎಂದೇ ಬರೆದ. ನಾವು ಕೇಳಿದರೆ ನಗು ಬರುತ್ತದೆ. ಹಂಡೆ, ಬಚ್ಚಲುಕಲ್ಲು, ತಂಬಿಗೆ ಇದ್ದರೆ ಸಾಲದೆ? ನಾಲ್ಕು ಜನ ಸೇರುವ ಜಾಗ ದೊಡ್ಡದು, ಮಲಗುವ ಜಾಗ ಚಿಕ್ಕದು. ಇದು ನಮ್ಮ ಕಡೆಯ ಎಲ್ಲ ಹಳೆಯ ಮನೆಗಳ ಕ್ರಮ.

ಇಲ್ಲಿ ನಮ್ಮವರೇ ಆದ ರಾಜಾಜಿಯವರನ್ನು ನೆನೆಯಬೇಕು. ಅವರು 1878ರಲ್ಲಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಆಗ ಅದು ಸೇಲಂ ಜಿಲ್ಲೆ. ಆ ಮನೆ ಈಗ ಸ್ಮಾರಕವಾಗಿದೆ. 1948ರಲ್ಲಿ ಗವರ್ನರ್ ಜನರಲ್ ಆಗಿ ದೆಹಲಿಗೆ ಹೋದಾಗ ಅವರ ವಾಸಕ್ಕೆ ಸಿಕ್ಕಿದ್ದು ಲಟ್ಯೆನ್ಸ್ ಎಂಬ ವಿನ್ಯಾಸಕಾರ ಕಟ್ಟಿದ 340 ಕೋಣೆಗಳ ಮನೆ. ವೈಸರಾಯರು ಮಲಗುತ್ತಿದ್ದ ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು, ಅವರು ಬೇರೆ ಕಡೆ ಕೆಲವೇ ಕೋಣೆಗಳಲ್ಲಿ ಇದ್ದರು. ಮುಂದೆ ರಾಷ್ಟ್ರಪತಿಗಳೂ ಆ ಕೋಣೆಗಳಲ್ಲೇ ವಾಸಮಾಡಿದರು. ಅಂದರೆ, ಒಬ್ಬ ವಿನ್ಯಾಸಕಾರ ಬರೆದ ನಕ್ಷೆಯನ್ನು ಅಲ್ಲಿ ಇರುವ ಮನುಷ್ಯ ಒಂದು ಇಟ್ಟಿಗೆಯನ್ನೂ ಕೀಳದೆ ತಿದ್ದಬಲ್ಲ.

ಬೆಂಗಳೂರಿನ ಅರಮನೆಗೂ ಹೀಗೇ ಆಯಿತು. ಬ್ರಿಟಿಷರು ಅದನ್ನು ಸರ್ಕಾರದ ಕಚೇರಿ ಮಾಡಿಕೊಂಡರು. ದರ್ಬಾರಿನ ಅಂಕಣಗಳಲ್ಲಿ ಗುಮಾಸ್ತರು ಮೇಜು ಹಾಕಿಕೊಂಡು ಕುಳಿತರು. ಹದಿನೆಂಟು ಇಲಾಖೆಗಳಿಗೆಂದು ಕಬ್ಬನ್ ಪಾರ್ಕಿನ ಬಳಿ ಅಠಾರ ಕಚೇರಿ ಎದ್ದ ಮೇಲೆ, 1868ರಲ್ಲಿ ಅವರೆಲ್ಲ ಅಲ್ಲಿಗೆ ಹೋದರು. ಸುತ್ತಲಿನ ಕೋಟೆಯ ಬಹುಭಾಗ ಇಂದು ಇಲ್ಲ, ಅರಮನೆ ಇದೆ. ಬಳಕೆಯಲ್ಲಿದ್ದುದರಿಂದಲೇ ಉಳಿಯಿತೆಂದು ನನ್ನ ಅಭಿಪ್ರಾಯ. ಗುಮಾಸ್ತರ ಪೈಕಿ ಒಬ್ಬನಾಗಿ ಹೇಳುತ್ತಿದ್ದೇನೆ ಎಂದು ನಗಬೇಡಿ.

ಇನ್ನು ಹುಡುಗಿಯ ನಕ್ಷೆಯ ವಿಚಾರ. ಅವಳು ಆರಿಸಿಕೊಂಡದ್ದು ತನ್ನ ಅಜ್ಜಿ ಇರುವ ಮನೆಯನ್ನೇ. ಹನ್ನೆರಡು ಅಂಕಣದ ಮಣ್ಣುಗೋಡೆಯ ನಾಡಹೆಂಚಿನ ಮನೆ. ಹೋದ ಹಿಂಗಾರಿನ ಮಳೆಯಲ್ಲಿ ಉತ್ತರದ ಗೋಡೆ ಉಬ್ಬಿ ಬಿದ್ದಿತ್ತು. ಅವಳ ತಂದೆ ಮನೆಯನ್ನು ಪೂರ್ತಿ ಕೆಡವಿ ಆರ್.ಸಿ.ಸಿ. ಮನೆ ಕಟ್ಟುವ ಯೋಚನೆಯಲ್ಲಿದ್ದ. ಹಳೆಯ ಮರದ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ನಗರದಿಂದ ಬಂದು, ಎಂಟು ಕಂಬ ಮತ್ತು ತಲಬಾಗಿಲಿಗೆ ಬೆಲೆ ಹೇಳಿ ಮುಂಗಡವನ್ನೂ ಮುಂದಿಟ್ಟಿದ್ದ. "ಅಣ್ಣಾ, ಕಂಬ ಕೊಟ್ಟರೆ ಅಸ್ತಿವಾರದ ಖರ್ಚು ಹುಟ್ಟುತ್ತೆ. ಇವಳ ಫೀಸೂ ಕಟ್ಟಬೇಕಲ್ಲ" ಎಂದು ಅವನು ನನ್ನ ಹತ್ತಿರ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಜ್ಜಿ ಮಾತ್ರ, "ಕಂಬ ಮಾರಿದ ಮೇಲೆ ನಾನು ಎಲ್ಲಿ ಒರಗಿ ಕೂತುಕೊಳ್ಳಲಿ?" ಎಂದು ಕೇಳಿದರು. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗೃಹಸಾಲದ ಅರ್ಜಿಗಳ ಜೊತೆ ಬಂದ ನೀಲಿ ನಕ್ಷೆಗಳನ್ನು ಫೈಲಿಗೆ ಪೋಣಿಸಿದ್ದೇನೆ. ವರ್ಷ ಕಳೆದಂತೆ ಅವುಗಳಲ್ಲಿ ಮೊದಲು ಜಗಲಿ ಹೋಯಿತು, ಆಮೇಲೆ ತೊಟ್ಟಿ ಹೋಯಿತು, ಕೊನೆಗೆ ಮುದುಕರು ಕೂರುವ ಜಾಗ ಎಂಬುದೇ ಹೋಯಿತು. ಸಾಲ ಮಾತ್ರ ಹೆಚ್ಚುತ್ತಾ ಬಂತು.

ಹುಡುಗಿ ಹೀಗೆ ಮಾಡಿದಳು. ಮುಂದಿನ ಮೂರು ಅಂಕಣವನ್ನು ಹಳೆಯ ಕಂಬ, ಹಳೆಯ ಹೆಂಚಿನಲ್ಲೇ ತೆರೆದ ಪಡಸಾಲೆಯಾಗಿ ಇಟ್ಟಳು. ಮಾಡನ್ನು ಎತ್ತರಿಸಿ, ಬಿಸಿಗಾಳಿ ಮೇಲಿನಿಂದ ಹೋಗಲು ದಾರಿ ಬಿಟ್ಟಳು. ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು ಜಗಲಿ. ಹಿಂದೆ ಅಡುಗೆಮನೆ, ಬಚ್ಚಲು, ಎರಡು ಸಣ್ಣ ಕೋಣೆ, ಅವುಗಳಿಗೆ ಮಾತ್ರ ಕಾಂಕ್ರೀಟು. ಬಿದ್ದ ಗೋಡೆಯ ಮಣ್ಣಿಗೇ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಇಟ್ಟಿಗೆಯಿಂದ ಹೊಸ ಗೋಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಕೇಂದ್ರದವರು ಹಳ್ಳಿಗಳಿಗಾಗಿ ಬೆಳೆಸಿದ ವಿದ್ಯೆ ಅದು. ಅಂದಾಜುಪಟ್ಟಿಯನ್ನು ನಾನು ಕುಳಿತು ಕೂಡಿದೆ. ಪೂರ್ತಿ ಕಾಂಕ್ರೀಟಿನ ಮನೆಗಿಂತ ಕಡಿಮೆಯೇ ಬಂತು, ಆದರೆ ಕಂಬ ಮಾರಿದರೆ ಕೈಗೆ ಬರುವ ನಗದು ಇದರಲ್ಲಿ ಇಲ್ಲ. ಅದನ್ನೂ ಅವಳ ತಂದೆಗೆ ಬಿಡಿಸಿ ಹೇಳಿದೆ.

ಕಾಲೇಜಿನಲ್ಲಿ ಪರೀಕ್ಷಕರು ನಕ್ಷೆ ನೋಡಿ, "ಇದರಲ್ಲಿ ಟಿಪ್ಪುವಿನ ಅರಮನೆ ಎಲ್ಲಿದೆ? ಒಂದು ಕಮಾನೂ ಕಾಣುವುದಿಲ್ಲವಲ್ಲ" ಎಂದರಂತೆ. "ಕಮಾನು ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ ಸಾರ್" ಎಂದಳಂತೆ. ಉಪ್ಪರಿಗೆಯನ್ನೂ ಬಿಟ್ಟಿದ್ದಾಳೆ. ಬಂದವರೆಲ್ಲ ಒಂದೇ ಎತ್ತರದ ಜಗಲಿಯ ಮೇಲೆ ಕೂರಬೇಕು ಎಂದು ನನ್ನ ಹತ್ತಿರ ಹೇಳಿದಳು, ಅಲ್ಲಿ ಹೇಳಿದಳೋ ಇಲ್ಲವೋ.

ವ್ಯಾಪಾರಿಯ ಮುಂಗಡವನ್ನು ಅವಳ ತಂದೆ ತೆಗೆದುಕೊಳ್ಳಲಿಲ್ಲ. ಫೀಸಿಗೆ ಎರಡು ಹಸುಗಳಲ್ಲಿ ಒಂದನ್ನು ಕೊಟ್ಟ. ಎಂಟು ಕಂಬಗಳನ್ನೂ ಇಳಿಸಿ, ಸುಣ್ಣದಲ್ಲಿ ಒಂದರಿಂದ ಎಂಟರವರೆಗೆ ಅಂಕಿ ಹಾಕಿ ಕೊಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಆರನೆಯ ಕಂಬಕ್ಕೆ ಬುಡದಲ್ಲಿ ಒಂದು ಗೇಣಿನಷ್ಟು ಗೆದ್ದಲು ಹಿಡಿದಿದೆ. ಮರಗೆಲಸದ ಆಚಾರಿ ತಟ್ಟಿ ನೋಡಿ, ಮೇಲೆ ಮರ ಗಟ್ಟಿಯಾಗಿದೆ, ಕೆಟ್ಟದ್ದನ್ನು ಕೊಯ್ದುಹಾಕಿ ಅಡಿಗಲ್ಲನ್ನು ಅಷ್ಟೇ ಎತ್ತರಿಸಿದರೆ ಸಾಕು ಎಂದ. ಒಂದು ಕಂಬದ ಕಲ್ಲು ಮಾತ್ರ ಎತ್ತರವಾದರೆ ಚೆನ್ನಾಗಿ ಕಾಣದು, ಎಂಟೂ ಒಂದೇ ಅಳತೆಯಲ್ಲಿ ಇರಲಿ ಎಂದು ತಂದೆ ಹೇಳಿ, ಕೃಷ್ಣಗಿರಿಯ ಕಲ್ಲಿನ ಕೆಲಸದವರಿಗೆ ತೋರಿಸಲು ಮಗಳ ಪುಸ್ತಕದಿಂದ ಅಳತೆಯ ಹಾಳೆಯನ್ನು ಹರಿದುಕೊಂಡು ಹೋದ.