ಸ್ಲಾಲಂ ಓಟವೂ ಅದರ ಪ್ರೇಕ್ಷಕರೂ

ಸ್ಲಾಲಂ ಎಂಬುದು ನಾರ್ವೆ ದೇಶದ ಮಾತು. ಅಲ್ಲಿನ ಟೆಲೆಮಾರ್ಕ್ ಸೀಮೆಯ ರೈತರ ಆಡುನುಡಿಯಲ್ಲಿ 'ಸ್ಲಾ' ಎಂದರೆ ಇಳಿಜಾರು, 'ಲೋಮ್' ಎಂದರೆ ಹಿಮದ ಮೇಲೆ ಮೂಡಿದ ಜಾಡು. ಗಿಡಮರಗಳ ನಡುವೆ ಅಂಕುಡೊಂಕಾಗಿ ಜಾರಿ ಬರುವ ಈ ಹಳ್ಳಿಯ ಆಟಕ್ಕೆ ಈಗಿನ ರೂಪವನ್ನು ಕೊಟ್ಟವನು ಆರ್ನಲ್ಡ್ ಲನ್ ಎಂಬ ಆಂಗ್ಲೇಯನು. ೧೯೨೨ನೆಯ ಇಸವಿಯಲ್ಲಿ ಆತನು ಸ್ವಿಟ್ಜರ್‌ಲೆಂಡಿನ ಮ್ಯೂರನ್ ಎಂಬ ಊರಿನ ಇಳಿಜಾರಿನಲ್ಲಿ ಬಾವುಟಗಳನ್ನು ಜೋಡಿಜೋಡಿಯಾಗಿ ನೆಟ್ಟು, ಅವುಗಳ ನಡುವೆ ಸುಳಿದು ಎಲ್ಲರಿಗಿಂತ ಬೇಗನೆ ಕೆಳಗಿಳಿದವನೇ ಗೆದ್ದವನೆಂದು ಕಟ್ಟಳೆ ಮಾಡಿದನು. ಅದಕ್ಕೆ ಮೊದಲು ತಿರುವಿನ ಅಂದವನ್ನು ನೋಡಿ ತೀರ್ಪುಗಾರರು ಅಂಕ ಕೊಡುವ ವಾಡಿಕೆಯಿದ್ದಿತು. ಲನ್ನನು ತೀರ್ಪನ್ನು ಗಡಿಯಾರಕ್ಕೆ ಒಪ್ಪಿಸಿದನು. ಇದರಿಂದ ಪ್ರೇಕ್ಷಕನಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದೇ ಮುಂದೆ ಹೇಳತಕ್ಕ ಕಥೆಯ ತಿರುಳು.

ಹಿಮವು ಬೀಳದ ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಈ ಆಟವು ಬಂದ ಬಗೆ ವಿನೋದವಾದುದು. ಅಲ್ಲಿನ ತರುಣರಿಗೆ ಅಲೆಗಳ ಮೇಲೆ ಹಲಗೆಯಿಟ್ಟು ಜಾರುವ ಹುಚ್ಚು. ಅಲೆಗಳೇಳದ ದಿನ ಸುಮ್ಮನೆ ಕುಳಿತಿರಲಾರದೆ, ೧೯೫೦ರ ದಶಕದಲ್ಲಿ ಅವರು ರೋಲರ್ ಸ್ಕೇಟಿನ ಉಕ್ಕಿನ ಗಾಲಿಗಳನ್ನು ಬಿಚ್ಚಿ ಮರದ ಹಲಗೆಗೆ ಜಡಿದುಕೊಂಡು ಬೀದಿಗಳಲ್ಲಿ ಜಾರತೊಡಗಿದರು. ಇದೇ ಸ್ಕೇಟ್‌ಬೋರ್ಡು. ಮುಂದೆ ಉಕ್ಕಿನ ಬದಲು ಜೇಡಿಮಣ್ಣಿನ ಮಿಶ್ರಣದ ಗಾಲಿಗಳು ಬಂದುವು. ಅವು ಉಕ್ಕಿಗಿಂತ ಮೃದುವಾಗಿ ಓಡಿದರೂ, ಸಣ್ಣದೊಂದು ಹರಳು ಅಡ್ಡ ಬಂದರೆ ಗಕ್ಕನೆ ನಿಂತು ಸವಾರನನ್ನು ಮುಂದಕ್ಕೆ ಎಸೆಯುತ್ತಿದ್ದುವು.

೧೯೬೫ನೆಯ ಇಸವಿಯ ಮೇ ತಿಂಗಳಿನಲ್ಲಿ ಅನಹೈಮ್ ನಗರದ ಕ್ರೀಡಾಂಗಣವೊಂದರಲ್ಲಿ ದೊಡ್ಡ ಪಂದ್ಯವು ನಡೆಯಿತು. ಸ್ಲಾಲಂ ಓಟವೂ ಅದರಲ್ಲಿ ಒಂದು ಅಂಗ. ಎ.ಬಿ.ಸಿ. ಟೆಲಿವಿಷನ್ ಸಂಸ್ಥೆಯವರು ಅದನ್ನು ದೇಶಕ್ಕೆಲ್ಲ ತೋರಿಸಿದರು. ಅದೇ ತಿಂಗಳು 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಪ್ಯಾಟ್ ಮೆಗೀ ಎಂಬ ಯುವತಿಯು ಓಡುವ ಹಲಗೆಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತ ಚಿತ್ರವು ಅಚ್ಚಾಯಿತು. ಮುಖಪುಟಕ್ಕೆ ಏರಿದುದು ಓಟವಲ್ಲ, ಕಸರತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ವರ್ಷ ಮುಗಿಯುವಷ್ಟರಲ್ಲಿ ಮಕ್ಕಳು ಕೈಕಾಲು ಮುರಿದುಕೊಳ್ಳುವರೆಂದು ವೈದ್ಯರು ಕೂಗೆಬ್ಬಿಸಿದರು, ಹಲವು ನಗರಗಳು ಈ ಹಲಗೆಯನ್ನು ಬೀದಿಗಳಲ್ಲಿ ನಿಷೇಧಿಸಿದುವು, ವ್ಯಾಪಾರವು ಕುಸಿದುಹೋಯಿತು.

ಅದಕ್ಕೆ ಮರುಜೀವ ಬಂದುದು ಗಾಲಿಯಿಂದ. ವರ್ಜೀನಿಯಾ ಸಂಸ್ಥಾನದ ಪರ್ಸೆಲ್‌ವಿಲ್ ಎಂಬಲ್ಲಿ, ರೋಲರ್ ಸ್ಕೇಟುಗಳಿಗಾಗಿ ಯುರಿಥೇನ್ ಎಂಬ ವಸ್ತುವಿನ ಗಾಲಿಗಳನ್ನು ಮಾಡುವ ಕಾರ್ಖಾನೆಯೊಂದಿತ್ತು. ಫ್ರಾಂಕ್ ನಾಸ್‌ವರ್ದಿ ಎಂಬ ತರುಣನು ಅವನ್ನು ಕಂಡು ತನ್ನ ಹಲಗೆಗೆ ಜೋಡಿಸಿ ನೋಡಿದನು. ನೆಲವನ್ನು ಕಚ್ಚಿ ಹಿಡಿಯುವ, ಹರಳುಗಳ ಮೇಲೆ ಹಾದುಹೋಗುವ ಗಾಲಿ ಅದು! ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಊರಿಗೆ ಬಂದು ನೆಲೆಸಿ, ೧೯೭೩ರ ಸುಮಾರಿನಲ್ಲಿ 'ಕ್ಯಾಡಿಲಾಕ್' ಎಂಬ ಹೆಸರಿನಿಂದ ಆತನು ಅವನ್ನು ಮಾರತೊಡಗಿದನು. ತಿರುವಿನಲ್ಲಿ ಜಾರದ ಗಾಲಿ ದೊರೆತ ಮೇಲೆ ಸ್ಲಾಲಂ ಓಟವು ನಿಜವಾದ ಓಟವಾಯಿತು.

ಈ ಓಟವನ್ನು ನೋಡದವರಿಗಾಗಿ ಅದರ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಇಳಿಜಾರಾದ ರಸ್ತೆಯಲ್ಲಿ ಸಣ್ಣ ಸಣ್ಣ ಶಂಕುಗಳನ್ನು ಸಾಲಾಗಿ ಇಟ್ಟಿರುವರು. ಬಿಗಿಯಾದ ಸ್ಲಾಲಂನಲ್ಲಿ ಒಂದಕ್ಕೊಂದಕ್ಕೆ ಇರುವ ಅಂತರ ಸುಮಾರು ಒಂದೂವರೆಯಿಂದ ಎರಡು ಮೀಟರು ಮಾತ್ರ. ದೊಡ್ಡ ಸ್ಲಾಲಂನಲ್ಲಿ ಅಂತರವೂ ಹೆಚ್ಚು, ವೇಗವೂ ಹೆಚ್ಚು. ಸವಾರನು ಇವುಗಳನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಳಸಿಕೊಂಡು ಸಾಗಬೇಕು. ಶಂಕುವನ್ನು ಕೆಡವಿದರೆ, ಕೆಡವಿದ ಒಂದೊಂದಕ್ಕೂ ಸೆಕೆಂಡಿನ ಹತ್ತನೆಯ ಒಂದು ಪಾಲಿನಂತೆ ಅವನ ಕಾಲಕ್ಕೆ ದಂಡ ಕೂಡುವುದು ಅನೇಕ ಪಂದ್ಯಗಳ ವಾಡಿಕೆ. ವಿಶೇಷವೇನೆಂದರೆ, ನೆಲಕ್ಕೆ ಕಾಲನ್ನು ತಾಗಿಸದೆಯೇ ನುರಿತವನು ತನ್ನ ವೇಗವನ್ನು ಹೆಚ್ಚಿಸಿಕೊಳ್ಳಬಲ್ಲನು. ಉಯ್ಯಾಲೆಯನ್ನು ಜೀಕುವ ಹುಡುಗಿಯು ಯಾರೂ ನೂಕದೆಯೇ ಮೇಲಕ್ಕೇರುವುದಿಲ್ಲವೆ? ಇದೂ ಹಾಗೆಯೇ. ತಿರುವಿಗೆ ಮುನ್ನ ಕುಗ್ಗಿ, ತಿರುವಿನಲ್ಲಿ ಹಲಗೆಯನ್ನು ಒತ್ತಿ ಮೈಯನ್ನು ನಿಗುರಿಸಿದರೆ ಒಂದೊಂದು ತಿರುವೂ ಒಂದೊಂದು ಜೀಕಾಗುವುದು. ಇದಕ್ಕೆಂದೇ ಬಾಗಿ ಪುಟಿಯುವ ಹಲಗೆಗಳು ಹುಟ್ಟಿದುವು. ಬಾಬಿ ಟರ್ನರ್ ಎಂಬವನು ತಾನು ಮಾಡಿದ ಹಲಗೆಗೆ 'ಸಮ್ಮರ್ ಸ್ಕೀ', ಅಂದರೆ ಬೇಸಗೆಯ ಸ್ಕೀ, ಎಂದು ಹೆಸರಿಟ್ಟು ಹಿಮದ ನಾಡಿನ ಋಣವನ್ನು ಒಪ್ಪಿಕೊಂಡನು.

ಒಬ್ಬೊಬ್ಬನೇ ಗಡಿಯಾರದೊಡನೆ ಸೆಣಸಿದರೆ ನೋಡುವವನಿಗೆ ಗೆಲವು ಸೋಲುಗಳು ಕಣ್ಣಿಗೆ ಕಾಣಿಸವು. ಕಾಲವನ್ನು ಸಾರಿ ಹೇಳುವವರೆಗೂ ಅವನು ಬಾಯಿ ತೆರೆದು ಕಾಯಬೇಕು. ಈ ಕೊರತೆಯನ್ನು ನೀಗಿಸುವುದು ಜೋಡಿ ಓಟ. ಇಬ್ಬರು ಎರಡು ಸರಿಸಮವಾದ ಸಾಲುಗಳಲ್ಲಿ ಏಕಕಾಲಕ್ಕೆ ಇಳಿಯುವರು. ಬಳಿಕ ಸಾಲುಗಳನ್ನು ಅದಲುಬದಲು ಮಾಡಿಕೊಂಡು ಮತ್ತೊಮ್ಮೆ ಇಳಿಯುವರು. ಎರಡು ಓಟಗಳ ಅಂತರವನ್ನು ಕೂಡಿಸಿ ತೀರ್ಪು. ಮುಂದಿರುವವನ ಕಾಲಿಗೆ ತಗಲಿ ಶಂಕುವೊಂದು ಉರುಳಿತೆಂದರೆ, ಹಿಂದಿರುವವನ ಕಡೆಯವರು ಹರ್ಷದಿಂದ ಕೂಗುವರು. ಓಟಗಳಲ್ಲಿ ನೋಡತಕ್ಕದ್ದು ಇದಕ್ಕಿಂತ ಹೆಚ್ಚಿನದು ಬಹಳವಿಲ್ಲವೆಂದು ನನ್ನ ಮತ.

ಲಾ ಕೋಸ್ಟಾ ಎಂಬಲ್ಲಿ ಮನೆಗಳು ಏಳುವ ಮೊದಲೇ ನುಣುಪಾದ ಅಗಲ ರಸ್ತೆಗಳು ಸಿದ್ಧವಾಗಿದ್ದುವು. ೧೯೭೫ರ ಸುಮಾರಿನ ಭಾನುವಾರಗಳಂದು ಸ್ಲಾಲಂ ಸವಾರರು ಅಲ್ಲಿ ಸೇರುತ್ತಿದ್ದರು. ಹೆನ್ರಿ ಹೆಸ್ಟರ್, ಬಾಬಿ ಪಿಯರ್ಸಿ ಮೊದಲಾದವರು ಆ ಕಾಲದ ಹೆಸರಾಂತ ಓಟಗಾರರು. ಅದೇ ವರ್ಷ ಡೆಲ್ ಮಾರ್ ಊರಿನಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆದುವು. ಸ್ಲಾಲಂ ಅಲ್ಲಿಯೂ ಇದ್ದಿತು. ಆದರೆ ಇಂದು ಜನರು ಆ ಪಂದ್ಯವನ್ನು ನೆನೆಯುವುದು ಜೆಫೈರ್ ಎಂಬ ತಂಡದ ಹುಡುಗರು ನೆಲಕ್ಕೆ ಕೈ ತಾಗುವಂತೆ ಬಾಗಿ ತೋರಿಸಿದ ಹೊಸ ಭಂಗಿಗಳಿಗಾಗಿ.

ನೋಡುವವರ ಹಸಿವು ಇನ್ನೊಂದು ಕಡೆಗೂ ತಿರುಗಿತು. ಲಾಂಗ್ ಬೀಚ್ ನಗರದಿಂದ ಸುತ್ತುವರಿದಿರುವ ಸಿಗ್ನಲ್ ಹಿಲ್ ಎಣ್ಣೆಬಾವಿಗಳ ಗುಡ್ಡ. ಅದರ ಬೀದಿಗಳು ಬಹಳ ಕಡಿದು. ೧೯೭೫ರಲ್ಲಿ ಟೆಲಿವಿಷನ್ನಿಗಾಗಿ ಅಲ್ಲಿ ನೇರ ಇಳಿತದ ಓಟವನ್ನು ಏರ್ಪಡಿಸಿದಾಗ ಗೈ ಗ್ರಂಡಿ ಎಂಬವನು ಹಲಗೆಯ ಮೇಲೆ ನಿಂತೇ ಗಂಟೆಗೆ ೫೦ ಮೈಲಿಗೆ ಮೀರಿದ ವೇಗದಲ್ಲಿ ಇಳಿದನು. ಮುಂದಿನ ವರ್ಷಗಳಲ್ಲಿ ಮೈಮುಚ್ಚಿದ ತೊಟ್ಟಿಲಿನಂಥ ಬಂಡಿಗಳೂ ಬಂದುವು. ಇಲ್ಲಿ ಶಂಕುಗಳಿಲ್ಲ, ತಿರುವಿಲ್ಲ, ಜೀಕುವ ಜಾಣ್ಮೆಯಿಲ್ಲ. ಇದ್ದುದು ಅಪಾಯವೊಂದೇ, ಜನರು ನೆರೆದುದೂ ಅದನ್ನು ನೋಡಲೆಂದೇ. ೧೯೭೮ರಲ್ಲಿ ಅಪಘಾತಗಳಾಗಿ ಸವಾರರಲ್ಲದೆ ದಾರಿಯ ಬದಿಯಲ್ಲಿ ನಿಂತ ಪ್ರೇಕ್ಷಕರೂ ಗಾಯಗೊಂಡರು. ಓಟವು ಅಲ್ಲಿಗೆ ನಿಂತಿತು. ನೋಡಲು ಬಂದವರೇ ಪೆಟ್ಟು ತಿಂದು ಕೊನೆಗೊಂಡ ಪಂದ್ಯವನ್ನು ಏರ್ಪಡಿಸಿದವರ ವಿವೇಕವನ್ನು ಯಾರೂ ಹೊಗಳಲಾರರು.

ಇಷ್ಟರಲ್ಲಿ ೧೯೭೬-೭೭ರ ಬರಗಾಲದಿಂದ ಕ್ಯಾಲಿಫೋರ್ನಿಯಾದ ಈಜುಕೊಳಗಳು ಬರಿದಾದುವು. ಹುಡುಗರು ಅವುಗಳ ಗುಂಡಾದ ಗೋಡೆಗಳನ್ನು ಹಲಗೆಯ ಮೇಲೆ ಏರತೊಡಗಿದರು. ಅಂಚನ್ನು ದಾಟಿ ಗಾಳಿಗೂ ನೆಗೆದರು. ಸ್ಲಾಲಂ ಹಿಂದುಳಿದುದಕ್ಕೆ ಇದೇ ಕಾರಣವೆಂದು ಹೇಳುವುದುಂಟು. ಇನ್ನೊಂದು ಕಾರಣವನ್ನೂ ಸೇರಿಸಬೇಕೆಂದು ನನಗೆ ತೋರುವುದು. ಈ ಆಟದ ಕೀರ್ತಿ ಹರಡಿದುದು ಮುಖ್ಯವಾಗಿ ಪತ್ರಿಕೆಗಳ ಛಾಯಾಚಿತ್ರಗಳಿಂದ. ಗಾಳಿಯಲ್ಲಿ ತೂಗಿದ ಹುಡುಗನ ಒಂದು ಚಿತ್ರ ಸಾಕು, ನೋಡಿದವನು ಬೆರಗಾಗುವನು. ಸ್ಲಾಲಂನ ಸೊಗಸು ಒಂದು ತಿರುವಿನಲ್ಲಿಲ್ಲ. ಮೂವತ್ತು ನಾಲ್ವತ್ತು ತಿರುವುಗಳು ತಾಳ ತಪ್ಪದೆ ಒಂದರೊಳಗೊಂದು ಹೆಣೆದುಕೊಳ್ಳುವುದರಲ್ಲಿದೆ. ನಿಂತ ಚಿತ್ರವು ಅದನ್ನು ಹಿಡಿಯಲಾರದು. ಶಂಕುವಿನ ಪಕ್ಕ ಬಾಗಿದ ಮನುಷ್ಯನೊಬ್ಬನನ್ನು ಅದು ತೋರಿಸೀತು, ಅಷ್ಟೆ. ಅತ್ತ ೧೯೮೦ರ ವೇಳೆಗೆ ವಿಮೆಯ ವೆಚ್ಚವನ್ನು ತಾಳಲಾರದೆ ಸ್ಕೇಟ್‌ಬೋರ್ಡಿನ ಉದ್ಯಾನಗಳೂ ಒಂದೊಂದಾಗಿ ಮುಚ್ಚಿದುವು; ಪಂದ್ಯಗಳೂ ವಿರಳವಾದುವು.

ಸುಮಾರು ಇಪ್ಪತ್ತು ವರ್ಷಗಳ ಅಜ್ಞಾತವಾಸದ ತರುವಾಯ, ೨೦೦೧ರಲ್ಲಿ ಕ್ಯಾಲಿಫೋರ್ನಿಯಾದ ಮೊರೊ ಬೇ ಊರಿನಲ್ಲಿ ಸ್ಲಾಲಂ ಲೋಕಪಂದ್ಯವು ಮತ್ತೆ ನಡೆಯಿತು. ತಲೆ ನರೆತ ಹಳಬರೂ ಹೊಸ ತರುಣರೂ ಅಲ್ಲಿ ಕೂಡಿದರು. ಆಮೇಲೆ ಸ್ವೀಡನ್, ಸ್ವಿಟ್ಜರ್‌ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಈ ಓಟವು ಬೇರೂರಿತು. ೨೦೨೧ರಲ್ಲಿ ಟೋಕಿಯೋ ನಗರದ ಒಲಿಂಪಿಕ್ ಕೂಟದಲ್ಲಿ ಸ್ಕೇಟ್‌ಬೋರ್ಡಿಗೆ ಮೊದಲ ಬಾರಿ ಸ್ಥಾನ ದೊರೆತಾಗ ಆರಿಸಿದುದು ಬೀದಿಯ ಕಸರತ್ತನ್ನೂ ಕೊಳದ ಕಸರತ್ತನ್ನೂ. ತೀರ್ಪುಗಾರರು ಅಂಕ ಕೊಡುವ ಆಟಗಳು ಅವು. ಗಡಿಯಾರವೇ ತೀರ್ಪು ಹೇಳುವ ಸ್ಲಾಲಂಗೆ ಅಲ್ಲಿ ಎಡೆ ಸಿಗಲಿಲ್ಲ. ಇಂದಿಗೂ ಸ್ಲಾಲಂ ಓಟದ ದಾರಿಯ ಬದಿಯಲ್ಲಿ ನಿಂತಿರುವವರಲ್ಲಿ ಬಹುಮಂದಿ, ತಮ್ಮ ಸರದಿಗಾಗಿ ಕಾದಿರುವ ಸವಾರರು ಮತ್ತು ಅವರ ಮನೆಯವರು. ಶಂಕುವೊಂದು ಉರುಳಿದರೆ ಅವರಲ್ಲೇ ಒಬ್ಬರು ಓಡಿಹೋಗಿ, ಸೀಮೆಸುಣ್ಣದಿಂದ ಗುರುತು ಮಾಡಿದ ಜಾಗದಲ್ಲಿ ಅದನ್ನು ಮತ್ತೆ ನಿಲ್ಲಿಸಿ ಬರುವರು.