ಒಂದು ದೂರದ್ವೀಪದ ಆಟದ ಬಯಲು: ಜೀರ್ಣೋದ್ಧಾರದಲ್ಲಿ ಪ್ರಮಾಣವೂ ಹಕ್ಕೂ

೧

ತುಳುನಾಡಿನಲ್ಲಿ ಜೀರ್ಣೋದ್ಧಾರವೆಂಬುದು ಹೊಸ ಮಾತಲ್ಲ. ಕಾಲವಶದಿಂದ ಶಿಥಿಲವಾದುದನ್ನು ಮರಳಿ ಎತ್ತಿ ನಿಲ್ಲಿಸುವುದು ಹೊಸದನ್ನು ಕಟ್ಟಿಸುವುದಕ್ಕಿಂತಲೂ ಹಿರಿದಾದ ಕಾರ್ಯವೆಂದು ನಮ್ಮ ಹಿಂದಿನವರು ಬಗೆದಿದ್ದರು. ಗುಡಿಯಾಗಲಿ ಬಸದಿಯಾಗಲಿ ಇಂತಹ ಕಾರ್ಯಕ್ಕೆ ಕೈಯಿಕ್ಕುವವರಿಗೆ ಸಾಮಾನ್ಯವಾಗಿ ಏನಾದರೊಂದು ಆಧಾರವು ದೊರೆಯುತ್ತದೆ. ಅಡಿಗಲ್ಲು ಉಳಿದಿರುತ್ತದೆ, ಇಲ್ಲವೆ ಶಾಸನವಿರುತ್ತದೆ. ಕಾರ್ಕಳದ ಬಾಹುಬಲಿಯ ವಿಗ್ರಹವನ್ನು ಕ್ರಿ. ಶ. ೧೪೩೨ರಲ್ಲಿ ವೀರಪಾಂಡ್ಯನು ಸ್ಥಾಪಿಸಿದನೆಂಬುದನ್ನು ಅದರ ಪಕ್ಕದ ಬರೆಹವೇ ಸಾರುತ್ತದೆ. ಅದೇ ಊರಿನ ಚತುರ್ಮುಖ ಬಸದಿಯು ೧೫೮೬ರಲ್ಲಿ ಇಮ್ಮಡಿ ಭೈರರಸನಿಂದ ಆಯಿತೆಂಬುದಕ್ಕೂ ಶಾಸನವೇ ಸಾಕ್ಷಿ. ಕಲ್ಲು ತನ್ನ ಕಥೆಯನ್ನು ತಾನೇ ಹೇಳುವ ಇಂತಹ ಎಡೆಗಳಲ್ಲಿ ಸಂಶೋಧಕನ ಹೊರೆಯು ಹಗುರ.

ಆದರೆ ಕಟ್ಟಡವಲ್ಲದ, ಬರಿಯ ಬಯಲೊಂದನ್ನು ಜೀರ್ಣೋದ್ಧಾರ ಮಾಡುವುದು ಸಾಧ್ಯವೆ? ಬಯಲಿಗೆ ಅಡಿಗಲ್ಲಿಲ್ಲ, ಶಾಸನವಿಲ್ಲ, ಹತ್ತು ವರ್ಷ ಬಳಸದೆ ಬಿಟ್ಟರೆ ಹುಲ್ಲು ಅದನ್ನು ಮುಚ್ಚಿಬಿಡುತ್ತದೆ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಸ್ಕಾಟ್ಲೆಂಡಿನ ಪಡುವಣ ಕಡಲಿನ ದಕ್ಷಿಣ ಯೂಯಿಸ್ಟ್ ಎಂಬ ದ್ವೀಪದಲ್ಲಿ ೨೦೦೫ರಿಂದ ೨೦೦೮ರವರೆಗೆ ನಡೆದ ಒಂದು ಕಾರ್ಯವು ಒಳ್ಳೆಯ ನಿದರ್ಶನವಾಗಿದೆ. ಅಲ್ಲಿ ಆಸ್ಕರ್‌ನಿಶ್ ಎಂಬ ಹಳ್ಳಿಯ ಕಡಲಂಚಿನಲ್ಲಿ, ೧೮೯೧ರಲ್ಲಿ ಏರ್ಪಟ್ಟು ಬಳಿಕ ಕಣ್ಮರೆಯಾಗಿದ್ದ ಗಾಲ್ಫ್ ಬಯಲೊಂದನ್ನು ಹುಡುಕಿ ಮತ್ತೆ ಬಳಕೆಗೆ ತಂದರು. ವಿಷಯವು ಆಟಕ್ಕೆ ಸಂಬಂಧಿಸಿದುದಾದರೂ ಅದರಲ್ಲಿ ಅಡಗಿರುವ ತೊಡಕು ಇತಿಹಾಸದ್ದು. ಅದಕ್ಕಿಂತಲೂ ಮಿಗಿಲಾಗಿ ಭೂಮಿಯದು. ಆದುದರಿಂದ ನಮ್ಮ ಕರಾವಳಿಯ ವಾಚಕರಿಗೂ ಅದು ಪರಕೀಯವೆನಿಸಲಾರದು.

೨

ಮೊದಲು ಆ ನೆಲದ ಸ್ವರೂಪವನ್ನು ತಿಳಿಯಬೇಕು. ಗಾಲ್ಫ್ ಆಟವು ಸ್ಕಾಟ್ಲೆಂಡಿನಲ್ಲಿ ಬೆಳೆದುದು ಕಡಲಿಗೂ ಉಳುವ ಭೂಮಿಗೂ ನಡುವಣ ಮರಳುದಿಣ್ಣೆಗಳ ಹುಲ್ಲುಗಾವಲಿನಲ್ಲಿ. ಇಂತಹ ನೆಲಕ್ಕೆ ಅಲ್ಲಿ ಲಿಂಕ್ಸ್ ಎಂದು ಹೆಸರು. ದಿಬ್ಬ, ಏರು ಎಂಬರ್ಥದ ಹಳೆಯ ಶಬ್ದವೊಂದರಿಂದ ಅದು ಬಂದಿದೆ. ಉಳುಮೆಗೆ ಒದಗದ, ಕುರಿಗಳು ಮೇದು ನುಣುಪಾಗಿಸಿದ, ಮಳೆಯ ನೀರು ಒಡನೆಯೆ ಇಂಗಿಹೋಗುವ ಆ ನೆಲದಲ್ಲಿ ಚೆಂಡನ್ನು ಹೊಡೆದು ಕುಳಿಯಿಂದ ಕುಳಿಗೆ ಸಾಗಿಸುವುದೇ ಆಟ. ಬಯಲನ್ನು ಯಾರೂ ನಿರ್ಮಿಸಲಿಲ್ಲ; ಗಾಳಿಯೂ ಕುರಿಯೂ ಮಾಡಿಕೊಟ್ಟುದನ್ನು ಮನುಷ್ಯನು ಆಯ್ದುಕೊಂಡನು. ಬ್ರಿಟಿಷರು ಈ ಆಟವನ್ನು ಹೊರನಾಡುಗಳಿಗೆ ಒಯ್ದಾಗ ಬಗೆಬಗೆಯ ನೆಲಕ್ಕೆ ಅದನ್ನು ಒಗ್ಗಿಸಬೇಕಾಯಿತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು ೧೮೨೯ರಲ್ಲಿಯೂ ಬೆಂಗಳೂರಿನದು ೧೮೭೬ರಲ್ಲಿಯೂ ಹುಟ್ಟಿದುವು. ಎಂದರೆ ಆಸ್ಕರ್‌ನಿಶ್‌ನ ಬಯಲಿಗಿಂತ ಇವೆರಡೂ ಹಳೆಯವು. ಆದರೆ ಕಡಲಂಚಿನ ಲಿಂಕ್ಸ್ ಇವಕ್ಕಿರಲಿಲ್ಲ.

ಹೆಬ್ರಿಡೀಸ್ ದ್ವೀಪಗಳಲ್ಲಿ ಈ ನೆಲಕ್ಕೆ ಗೇಲಿಕ್ ಭಾಷೆಯ ಮಾಖರ್ ಎಂಬ ಹೆಸರಿದೆ. ಚಿಪ್ಪುಗಳು ಒಡೆದು ನುಚ್ಚಾಗಿ ಆದ ಸುಣ್ಣದಂಶದ ಮರಳನ್ನು ಅಟ್ಲಾಂಟಿಕ್ ಸಾಗರದ ಗಾಳಿಯು ಒಳನಾಡಿಗೆ ಬೀಸಿ ಹರಡಿದುದರಿಂದ ಅದು ಉಂಟಾಯಿತು. ಒಳಭಾಗದ ಹುಳಿಮಣ್ಣು ಏನನ್ನೂ ಚೆನ್ನಾಗಿ ಬೆಳೆಯದು; ಆದುದರಿಂದ ದ್ವೀಪದ ಜನರ ಬದುಕು ಈ ಮರಳಿನ ಅಂಚನ್ನೇ ನೆಚ್ಚಿಕೊಂಡಿತ್ತು. ಕಡಲ ಪಾಚಿಯನ್ನು ಗೊಬ್ಬರವಾಗಿ ಹೊತ್ತುತಂದು ಅವರು ಅಲ್ಲಿ ಓಟ್ಸ್, ರೈ, ಬಾರ್ಲಿ ಮತ್ತು ಆಲೂಗೆಡ್ಡೆಗಳನ್ನು ಬೆಳೆಯುತ್ತಿದ್ದರು. ದನ ಕುರಿಗಳನ್ನು ಮೇಯಿಸುತ್ತಿದ್ದರು. ಕಾಪು ಮಲ್ಪೆಗಳ ಕರೆಯಲ್ಲಿ ತಿರುಗಾಡಿದವರಿಗೆ ಈ ಎರಡು ತೀರಗಳ ಭೇದವು ಸುಲಭವಾಗಿ ತಿಳಿಯುತ್ತದೆ. ನಮ್ಮಲ್ಲಿ ನೈಋತ್ಯದ ಮಳೆಗಾಲವು ಕಡಲ ಕರೆಯನ್ನು ವರ್ಷವರ್ಷವೂ ಕೊರೆದು ಮತ್ತೆ ತುಂಬುತ್ತದೆ. ಮರಳ ಪಟ್ಟಿಯ ಬೆನ್ನಿಗೇ ತೆಂಗಿನ ತೋಟವೂ ಗದ್ದೆಯೂ ಮನೆಯೂ ಬರುತ್ತವೆ. ಹಾಗಿದ್ದರೂ ಎರಡೆಡೆಯಲ್ಲಿಯೂ ಒಂದು ಮಾತು ಸಮಾನ: ಹೊರಗಿನವರ ಕಣ್ಣಿಗೆ ಖಾಲಿಯಾಗಿ ತೋರುವ ಮರಳ ನೆಲವು ಒಳಗಿನವರ ಲೆಕ್ಕದಲ್ಲಿ ಖಾಲಿಯಲ್ಲ.

೩

ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲದಲ್ಲಿ ದಕ್ಷಿಣ ಯೂಯಿಸ್ಟ್ ದ್ವೀಪವು ಕ್ಲೂನಿಯ ಕರ್ನಲ್ ಜಾನ್ ಗಾರ್ಡನ್ ಎಂಬ ಭೂಮಾಲಿಕನ ವಶವಾಯಿತು. ಕಡಲ ಪಾಚಿಯನ್ನು ಸುಟ್ಟು ಕ್ಷಾರವನ್ನು ತೆಗೆಯುವ ಉದ್ಯಮವು ಅದಕ್ಕೆ ಮೊದಲೇ ಬಿದ್ದುಹೋಗಿತ್ತು. ೧೮೪೬ರಿಂದ ಆಲೂಗೆಡ್ಡೆಗೆ ರೋಗ ತಗುಲಿ ಕ್ಷಾಮವು ಬಂದಿತ್ತು. ೧೮೫೧ರಲ್ಲಿ ಈ ಮಾಲಿಕನು ತನ್ನ ದ್ವೀಪಗಳ ಒಕ್ಕಲುಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟ ಜನರನ್ನು ಹಡಗುಗಳಲ್ಲಿ ತುಂಬಿ ಕೆನಡಾಕ್ಕೆ ಸಾಗಿಸಿದನು. ಈ ಹೊರದೂಡುವಿಕೆಯ ನೆನಪು ದ್ವೀಪದಲ್ಲಿ ಅಳಿಯಲಿಲ್ಲ. ಉಳಿದ ಸಣ್ಣ ಹಿಡುವಳಿಗಾರರಿಗೆ ಕ್ರಾಫ್ಟರ್ ಎಂದು ಹೆಸರು. ೧೮೮೬ರ ಕಾಯಿದೆಯು ಅವರಿಗೆ ಒಕ್ಕಲುತನದ ಭದ್ರತೆಯನ್ನೂ ನ್ಯಾಯವಾದ ಗೇಣಿಯನ್ನೂ ಮಕ್ಕಳಿಗೆ ಹಿಡುವಳಿಯನ್ನು ದಾಟಿಸುವ ಹಕ್ಕನ್ನೂ ಕೊಟ್ಟಿತು.

ಇದಾದ ಐದು ವರ್ಷಗಳ ಬಳಿಕ, ೧೮೯೧ರಲ್ಲಿ, ಆ ಮನೆತನದ ಸೊಸೆಯೂ ಆಗಿನ ಒಡತಿಯೂ ಆದ ಲೇಡಿ ಎಮಿಲಿ ಗಾರ್ಡನ್ ಕ್ಯಾತ್‌ಕಾರ್ಟ್ ಎಂಬವರು ದ್ವೀಪಕ್ಕೆ ಪ್ರವಾಸಿಗಳನ್ನು ಬರಮಾಡಿಕೊಳ್ಳುವ ಉದ್ದೇಶದಿಂದ ಗಾಲ್ಫ್ ಬಯಲೊಂದನ್ನು ಏರ್ಪಡಿಸಲು ಟಾಮ್ ಮಾರಿಸರನ್ನು ಕರೆಯಿಸಿದರು. ಮಾರಿಸರು (೧೮೨೧–೧೯೦೮) ಸೇಂಟ್ ಆಂಡ್ರೂಸ್‌ನ ಪ್ರಸಿದ್ಧ ಬಯಲಿನ ಪಾಲಕರು. ಓಪನ್ ಪಂದ್ಯವನ್ನು ೧೮೬೧, ೧೮೬೨, ೧೮೬೪, ೧೮೬೭ ಹೀಗೆ ನಾಲ್ಕು ಸಲ ಗೆದ್ದವರು. ಎಪ್ಪತ್ತರ ವಯಸ್ಸಿನಲ್ಲಿ ಅವರು ಹೊರೇಸ್ ಹಚಿನ್‌ಸನ್ ಎಂಬ ಆಟಗಾರ ಲೇಖಕರೊಡನೆ ದ್ವೀಪಕ್ಕೆ ಬಂದು, ಆಸ್ಕರ್‌ನಿಶ್‌ನ ಮರಳುದಿಣ್ಣೆಗಳಲ್ಲಿ ೧೮ ಕುಳಿಗಳ ಬಯಲನ್ನು ಗುರುತುಮಾಡಿದರು.

ಮುಂದಿನ ಕಥೆಯು ಕ್ಷಯದ್ದು. ದ್ವೀಪವು ದೂರ, ಆಟಗಾರರು ಕಡಮೆ. ದಿಣ್ಣೆಗಳ ನಡುವಣ ಕುಳಿಗಳು ಬಳಕೆ ತಪ್ಪಿದುವು. ೧೯೩೦ರ ದಶಕದಲ್ಲಿ ಅಲ್ಲಿಯ ಸಮತಟ್ಟು ನೆಲವು ವಿಮಾನಗಳು ಇಳಿಯುವ ಎಡೆಯೂ ಆಯಿತು. ಸ್ಥಳದ ಕೆಲವರು ಹುಲ್ಲು ಕತ್ತರಿಸುತ್ತ ಒಂಬತ್ತು ಕುಳಿಗಳ ಒಂದು ಚಿಕ್ಕ ಬಯಲನ್ನು ಹೇಗೋ ಉಳಿಸಿಕೊಂಡು ಬಂದರು. ಮಾರಿಸರ ಹೆಸರು ಬಾಯಿಮಾತಿನಲ್ಲಿ ಉಳಿಯಿತು. ಅವರ ಬಯಲು ಉಳಿಯಲಿಲ್ಲ.

೪

೨೦೦೫ರಲ್ಲಿ ಗಾರ್ಡನ್ ಅರ್ವಿನ್ ಎಂಬ ಗಾಲ್ಫ್ ಬಯಲುಗಳ ತಜ್ಞರು ಆಸ್ಕರ್‌ನಿಶ್‌ಗೆ ಬಂದರು. ಆಗ ಬಳಕೆಯಲ್ಲಿದ್ದ ಸಮತಟ್ಟಾದ ಬಯಲಿನಲ್ಲಿ ಮಾರಿಸರ ಕೈವಾಡದ ಕುರುಹು ಅವರಿಗೆ ಕಾಣಲಿಲ್ಲ. ಆದರೆ ಅದರಾಚೆಯ ಎತ್ತರದ ದಿಣ್ಣೆಗಳನ್ನು ಏರಿ ನೋಡಿದಾಗ, ಗಾಳಿಗೆ ಮರೆಯಾದ ತಗ್ಗುಗಳೂ, ಸಹಜವಾಗಿಯೇ ಮಟ್ಟವಾದ ಹುಲ್ಲಿನ ತಾಣಗಳೂ, ಒಂದರಿಂದ ಇನ್ನೊಂದಕ್ಕೆ ಸಾಗುವ ಕಣಿವೆಗಳೂ ಕಂಡುವು. ಮೊದಲಿನ ಬಯಲು ಇಲ್ಲಿಯೇ ಇದ್ದಿರಬೇಕೆಂದು ಅವರು ನಿಶ್ಚಯಿಸಿದರು. ಮಾರ್ಟಿನ್ ಇಬರ್ಟ್ ಎಂಬ ವಿನ್ಯಾಸಕಾರರೂ ಇತರರೂ ಅವರೊಡನೆ ಸೇರಿದರು. ಮಣ್ಣನ್ನು ಯಂತ್ರಗಳಿಂದ ಸರಿಸದೆ, ಇದ್ದ ಹುಲ್ಲನ್ನೇ ಕತ್ತರಿಸಿ ತಗ್ಗಿಸಿ, ಮೊಲದ ಬಿಲಗಳನ್ನು ಮುಚ್ಚಿ, ೧೮ ಕುಳಿಗಳ ಬಯಲನ್ನು ೨೦೦೮ರ ಆಗಸ್ಟಿನಲ್ಲಿ ತೆರೆದರು. ೧೮೯೧ರಲ್ಲಿ ಮಣ್ಣು ಸರಿಸುವ ಯಂತ್ರಗಳಿರಲಿಲ್ಲವಾದುದರಿಂದ ಈ ಕ್ರಮವು ಹಳೆಯ ಕ್ರಮಕ್ಕೆ ಸಮೀಪವಾದುದೆಂದು ಒಪ್ಪಬೇಕು.

ಈಗ ಪ್ರಮಾಣಗಳ ವಿಚಾರ. ಉಡುಪಿಯ ಮಧ್ವಾಚಾರ್ಯರ ಸಿದ್ಧಾಂತವು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಅಂಗೀಕರಿಸುತ್ತದೆ. ಆ ವಿಭಾಗವನ್ನು ಲೌಕಿಕವಾದ ಈ ಸಂಗತಿಗೆ ಎರವಲು ತಂದುಕೊಂಡರೆ ತೊಡಕು ಸ್ಪಷ್ಟವಾಗುತ್ತದೆ. ಮಾರಿಸರು ೧೮೯೧ರಲ್ಲಿ ಬಂದರೆಂಬುದಕ್ಕೆ ಆ ಕಾಲದ ಬರೆಹಗಳಿವೆ. ಇದನ್ನು ಆಗಮದ ಸ್ಥಾನದಲ್ಲಿ ಇಡಬಹುದು. ದಿಣ್ಣೆಗಳೂ ತಗ್ಗುಗಳೂ ಪ್ರತ್ಯಕ್ಷ. ಆದರೆ ಇಂತಹ ತಗ್ಗಿನಲ್ಲಿಯೇ ಇಂತಹ ಕುಳಿಯಿತ್ತೆಂಬುದು ಕೇವಲ ಅನುಮಾನ. ಏಕೆಂದರೆ ಮಾರಿಸರ ಕೈಯ ನಕ್ಷೆಯೊಂದೂ ಉಳಿದಿಲ್ಲ. ಅಲ್ಲದೆ ಮರಳುದಿಣ್ಣೆಯು ಬಂಡೆಯಂತೆ ಸ್ಥಿರವಲ್ಲ. ನೂರಕ್ಕೂ ಮೇಲ್ಪಟ್ಟ ಚಳಿಗಾಲಗಳ ಬಿರುಗಾಳಿಯು ಅದರ ರೂಪವನ್ನು ಎಷ್ಟೋ ಸಲ ತಿದ್ದಿರಬೇಕು.

ಹಾಗಾದರೆ ೨೦೦೮ರಲ್ಲಿ ತೆರೆದುದು ಮಾರಿಸರ ಬಯಲೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರವನ್ನು ಹೀಗೆ ವಿಂಗಡಿಸಿ ಹೇಳಬೇಕು. ನೆಲವು ಅದೇ, ನೆಲವನ್ನು ಓದಿದ ಬಗೆಯೂ ಮಾರಿಸರ ಬಗೆಯೇ. ಆದರೆ ಕುಳಿಗಳ ಸರಣಿಯು ನಮ್ಮ ಕಾಲದವರ ಊಹೆ. ಪಂಡಿತನು ತ್ರುಟಿತವಾದ ಓಲೆಯಲ್ಲಿ ಲುಪ್ತವಾದ ಪಾದವನ್ನು ಛಂದಸ್ಸಿನ ನೆರವಿನಿಂದ ತುಂಬಿದಾಗ ಅದನ್ನು ಕಂಸದಲ್ಲಿ ಇಡುತ್ತಾನೆ. ಕವಿಯ ಮಾತಿನೊಡನೆ ಬೆರೆಯಿಸುವುದಿಲ್ಲ. ಬಯಲಿನಲ್ಲಿ ಕಂಸವನ್ನು ಹಾಕುವಂತಿಲ್ಲ. ಆದುದರಿಂದಲೇ ಅದರ ಚರಿತ್ರೆಯನ್ನು ಬರೆಯುವವರು ಈ ಭೇದವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

೫

ಇಷ್ಟಕ್ಕೇ ಮುಗಿದಿದ್ದರೆ ಇದು ಕುತೂಹಲದ ಸಂಗತಿ ಮಾತ್ರ ಆಗುತ್ತಿತ್ತು. ಆದರೆ ಹಳೆಯ ಬಯಲು ಎದ್ದೊಡನೆ ಹಳೆಯ ಪ್ರಶ್ನೆಯೂ ಎದ್ದಿತು. ದಿಣ್ಣೆಗಳ ನೆಲವು ಸುತ್ತಲಿನ ಕ್ರಾಫ್ಟರುಗಳ ಸಮುದಾಯದ ಮೇವಿನ ನೆಲ. ಆಟವು ಇಷ್ಟು ದೊಡ್ಡ ಭಾಗವನ್ನು ಆವರಿಸಿದರೆ ತಮ್ಮ ಮೇವಿನ ಹಕ್ಕಿಗೆ ಕುಂದು ಬರುವುದೆಂದು ಅವರಲ್ಲಿ ಕೆಲವರು ಆಕ್ಷೇಪಿಸಿದರು. ವಿವಾದವು ಸ್ಕಾಟ್ಲೆಂಡಿನ ಭೂನ್ಯಾಯಾಲಯದವರೆಗೂ ಹೋಯಿತು.

ಈ ವಿವಾದದಲ್ಲಿ ಎದುರಾಳಿಯು ಹಿಂದಿನಂತೆ ದೂರದ ಒಡತಿಯಾಗಿರಲಿಲ್ಲವೆಂಬುದು ಗಮನಾರ್ಹ. ೨೦೦೬ರ ನವೆಂಬರಿನಲ್ಲಿ ದ್ವೀಪದ ನಿವಾಸಿಗಳೇ ಸ್ಟೋರಸ್ ಊಯಿಷ್ಟ್ ಎಂಬ ಸಂಸ್ಥೆಯ ಮೂಲಕ ದಕ್ಷಿಣ ಯೂಯಿಸ್ಟ್, ಎರಿಸ್ಕೆ ಮೊದಲಾದ ಸುಮಾರು ೯೩,೦೦೦ ಎಕರೆಗಳ ಎಸ್ಟೇಟನ್ನು ೪೫ ಲಕ್ಷ ಪೌಂಡುಗಳಿಗೆ ಕೊಂಡುಕೊಂಡಿದ್ದರು. ಆದುದರಿಂದ ವಿವಾದವು ಮಾಲಿಕನಿಗೂ ಒಕ್ಕಲಿಗೂ ನಡುವಣದಾಗಿರದೆ, ಒಡೆತನವನ್ನು ಒಟ್ಟಾಗಿ ಪಡೆದವರೊಳಗಿನದಾಯಿತು. ಪ್ರವಾಸಿಗಳು ಬಂದರೆ ಬಡದ್ವೀಪಕ್ಕೆ ನಾಲ್ಕು ಕಾಸು ಬರುವುದೆಂಬುದು ಒಂದು ಪಕ್ಷ. ೧೮೫೧ರ ನೆನಪುಳ್ಳ ನೆಲದಲ್ಲಿ ಒಕ್ಕಲಿನ ಹಕ್ಕನ್ನು ಎಳ್ಳಷ್ಟೂ ಸಡಿಲಿಸಬಾರದೆಂಬುದು ಇನ್ನೊಂದು. ಎರಡೂ ನ್ಯಾಯವಾದುವೇ.

ನಮ್ಮ ಜಿಲ್ಲೆಯವರಿಗೆ ಇದು ಕೂಡಲೆ ಅರ್ಥವಾಗುವ ಮಾತು. ಹಿಂದಿನ ದಕ್ಷಿಣ ಕನ್ನಡದಲ್ಲಿ ಕುಮ್ಕಿ ಎಂಬ ವ್ಯವಸ್ಥೆಯಿದೆಯಷ್ಟೆ. ಕದೀಂ ವರ್ಗದ ಜಮೀನಿನ ಎಲ್ಲೆಯಿಂದ ೧೦೦ ಗಜಗಳೊಳಗಿನ ಸರ್ಕಾರೀ ಬಂಜರಿನಲ್ಲಿ ವರ್ಗದಾರನು ಸೊಪ್ಪು ಸವರಿಕೊಳ್ಳಬಹುದು, ಹುಲ್ಲು ಕೊಯ್ಯಬಹುದು, ದನ ಮೇಯಿಸಬಹುದು. ಭೂಮಿಯ ಒಡೆತನವು ಸರ್ಕಾರದ್ದು, ಅನುಭೋಗವು ರೈತನದು. ನಕ್ಷೆಯಲ್ಲಿ ಬಂಜರು ಎಂದಿರುವ ಎಡೆಯು ಗದ್ದೆಯ ಗೊಬ್ಬರದ ಮೂಲ. ಹಾಗೆಯೇ ಮೂಲಗೇಣಿಯವನಿಗಿದ್ದ ಸ್ಥಿರತೆಗೂ ಚಾಲಗೇಣಿಯವನ ಅತಂತ್ರಸ್ಥಿತಿಗೂ ಇದ್ದ ಅಂತರವನ್ನು ಬಲ್ಲವರಿಗೆ ೧೮೮೬ರ ಕಾಯಿದೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಉಳುವವನಿಗೆ ಭೂಮಿಯ ಹಕ್ಕು ವ್ಯಾಪಕವಾಗಿ ದೊರೆತುದು ಭೂಸುಧಾರಣೆಯ ಕಾಯಿದೆಗೆ ೧೯೭೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ.

೬

ಒಂದೇ ನೆಲವು ಆಟಕ್ಕೂ ಅನ್ನಕ್ಕೂ ಒದಗುವುದು ಅಸಾಧ್ಯವೇನಲ್ಲ. ತುಳುನಾಡಿನ ಹಳೆಯ ಕ್ರಮದ ಕಂಬಳವೇ ಇದಕ್ಕೆ ಸಾಕ್ಷಿ. ಕೋಣಗಳು ಓಡಿದ ಕೆಸರುಗದ್ದೆಯಲ್ಲಿಯೇ ಬೇಸಾಯವೂ ನಡೆಯುತ್ತಿತ್ತು. ಅಲ್ಲಿ ಆಟದ ದಿನ, ಬೇಸಾಯದ ದಿನ, ಗದ್ದೆಯ ಮನೆಯವರು ಯಾರು, ಓಟದ ಸಾಲಿನಲ್ಲಿ ಯಾರ ಕೋಣಕ್ಕೆ ಯಾವ ಸ್ಥಾನ ಎಂಬುದೆಲ್ಲವೂ ಕಟ್ಟಳೆಯಿಂದ ಗೊತ್ತಾಗಿತ್ತು. ಆಸ್ಕರ್‌ನಿಶ್‌ನಲ್ಲಿಯೂ ಬೇಸಗೆಯಲ್ಲಿ ಆಟ, ಚಳಿಗಾಲದಲ್ಲಿ ದನ ಕುರಿಗಳ ಮೇವು ಎಂಬ ಕ್ರಮವನ್ನೇ ಜೀರ್ಣೋದ್ಧಾರಕರು ಹಿಡಿದರು. ಕುರಿಗಳ ಬಾಯಿಯಿಲ್ಲದೆ ಆ ಹುಲ್ಲು ಆಟಕ್ಕೆ ತಕ್ಕಂತಿರದೆಂಬುದೂ ನಿಜ. ಆದರೆ ಕಂಬಳದ ಕಟ್ಟಳೆಯು ತಲೆಮಾರುಗಳ ಬಳಕೆಯಿಂದ ನೆಲೆಗೊಂಡುದು. ನಡುವೆ ಕಡಿದುಹೋದ ಬಳಕೆಯನ್ನು ಮತ್ತೆ ಹೂಡುವಾಗ ಕಟ್ಟಳೆಯನ್ನೂ ಹೊಸದಾಗಿಯೇ ಮಾಡಿಕೊಳ್ಳಬೇಕಾಗುತ್ತದೆ.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟು. ಹಳೆಯ ನೆಲವೊಂದನ್ನು ಉದ್ಧರಿಸುವಾಗ ಎರಡು ಬಗೆಯ ಪ್ರಶ್ನೆಗಳಿರುತ್ತವೆ: ಅದರ ರೂಪವೇನಿತ್ತು ಎಂಬುದು ಒಂದು, ಅದರಲ್ಲಿ ಯಾರ ಹಕ್ಕಿತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಪೂರ್ಣವಾಗಿ ದೊರೆಯದಿದ್ದರೆ ಅನುಮಾನದಿಂದ ತುಂಬಬಹುದು. ತುಂಬಿದೆವೆಂದು ಹೇಳಿದರೆ ದೋಷವಿಲ್ಲ. ಎರಡನೆಯದನ್ನು ಅನುಮಾನಕ್ಕೆ ಬಿಡುವಂತಿಲ್ಲ. ಆ ನೆಲದಲ್ಲಿ ಬದುಕುತ್ತಿರುವವರನ್ನು ಕೇಳಿಯೇ ತಿಳಿಯಬೇಕು. ಬಾರಕೂರಿನ ಹಾಳುಗಳಾಗಲಿ, ಕಾರ್ಕಳದ ಸುತ್ತಣ ಹಳೆಯ ಕೆರೆಗಳಾಗಲಿ, ಬಳಕೆ ತಪ್ಪಿದ ಕಂಬಳದ ಗದ್ದೆಗಳಾಗಲಿ ಮುಂದೆ ಉದ್ಧಾರಕ್ಕೆ ಬರುವಾಗ, ಸಂಶೋಧಕರು ಅಳತೆಯ ಸರಪಳಿಯೊಡನೆ ವರ್ಗದ ಕಾಗದಗಳನ್ನೂ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಊರಿನ ಹಿರಿಯರ ಬಾಯಿಂದ ಸ್ಥಳನಾಮಗಳನ್ನು ಬರೆದುಕೊಳ್ಳುವ ಹೊತ್ತಿಗೇ, ಅಲ್ಲಿ ಸೊಪ್ಪು ಸವರುವವರು ಯಾರು, ದನ ಮೇಯಿಸುವವರು ಯಾರು, ನೀರು ಯಾರ ಗದ್ದೆಗೆ ಹೋಗುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು. ಈ ಎರಡನೆಯ ಪಟ್ಟಿಯಿಲ್ಲದೆ ನಡೆಯುವ ಜೀರ್ಣೋದ್ಧಾರವು ಕಲ್ಲನ್ನೋ ಹುಲ್ಲನ್ನೋ ಉದ್ಧರಿಸೀತು; ಊರಿಗೆ ಅದರಿಂದ ಉಪಕಾರವಾದೀತೆಂದು ಹೇಳಲಾಗದು.